ಮೂರನೇ ವಾರ್ಡಿನಲ್ಲಿ ಯಾರಿಗೂ ರೋಗವಿಲ್ಲ

ಮಿನ್ಯತ್ ಜುಮ್ಮೇಜ್ ಪಟ್ಟಣದ ಸರ್ಕಾರಿ ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿ ಕಳೆದ ಹದಿನಾಲ್ಕು ತಿಂಗಳಿಂದ ಒಬ್ಬ ರೋಗಿಯೂ ಸತ್ತಿಲ್ಲ. ಇದು ನೀಲಿ ಶಾಯಿಯಲ್ಲಿ ಬರೆದು, ಸರ್ಕಾರದ ಹದ್ದಿನ ಮುದ್ರೆ ಒತ್ತಿ, ಪ್ರಾಂತ್ಯದ ಆರೋಗ್ಯ ಕಚೇರಿಗೆ ಕಳುಹಿಸಲಾದ ಸಂಗತಿ. ಹದ್ದಿನ ಮುದ್ರೆ ಬಿದ್ದ ಮೇಲೆ ಈಜಿಪ್ಟಿನಲ್ಲಿ ಯಾವ ಸಂಗತಿಯೂ ಸುಳ್ಳಾಗಲು ಅವಕಾಶವಿಲ್ಲ. ಯಾರೂ ಸಾಯದಿರಲು ಕಾರಣ ಸರಳವಾಗಿದೆ: ಅಲ್ಲಿ ಮಲಗಿರುವ ಯಾರಿಗೂ ರೋಗವಿಲ್ಲ. ರೋಗವಿದ್ದವರನ್ನು ಅಲ್ಲಿ ಸೇರಿಸಿಕೊಳ್ಳುವುದೂ ಇಲ್ಲ. ಇದು ಹೇಗಾಯಿತೆಂದು ಮೊದಲಿನಿಂದ ಹೇಳದಿದ್ದರೆ ತಪ್ಪು ಅಭಿಪ್ರಾಯ ಉಂಟಾದೀತು; ಆದ್ದರಿಂದ ಮೊದಲಿನಿಂದಲೇ ಹೇಳಬೇಕು.

ಮೊದಲು ಎಂದರೆ ಬಸ್ಯೂನಿಯವರು. ನೀರಾವರಿ ಇಲಾಖೆಯ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕಡತ ಕಾಯ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ, ಮಕ್ಕಳಿಲ್ಲ. ಮೂರನೇ ಮಹಡಿಯಲ್ಲಿ ಮನೆ. ಎರಡನೇ ಮಹಡಿಯಲ್ಲಿ ಹಾಜಿ ಮಿತ್ವಲ್ಲಿಯವರ ಮನೆ. ನಡುವೆ ಹದಿನಾಲ್ಕು ಮೆಟ್ಟಿಲು. ಆ ನಾಲ್ಕು ವರ್ಷದಲ್ಲಿ ಹಾಜಿಯವರು ಆ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅದೂ ಮೇಲಿನ ನಲ್ಲಿ ಸೋರುತ್ತಿದೆ ಎಂದು ಹೇಳಲು. ಇದರಲ್ಲಿ ಹಾಜಿಯವರ ತಪ್ಪೇನೂ ಇಲ್ಲ. ಗಟ್ಟಿಮುಟ್ಟಾಗಿರುವ ಮನುಷ್ಯನನ್ನು ಸುಮ್ಮಸುಮ್ಮನೆ ಹೋಗಿ ನೋಡಲು ಕಾರಣ ಬೇಕಾಗುತ್ತದೆ.

ರೋಗಿಯನ್ನು ನೋಡಲು ಹೋಗುವುದು ಮಾತ್ರ ಬೇರೆ. ಅದು ಕರ್ತವ್ಯ. ಹೋಗದವನನ್ನು ಊರು ಆಡಿಕೊಳ್ಳುತ್ತದೆ. ಬಸ್ಯೂನಿಯವರಿಗೆ ಹರ್ನಿಯಾ ಆಗಿ ಆಸ್ಪತ್ರೆ ಸೇರಿದಾಗ ಹಾಜಿಯವರು ಒಂಬತ್ತು ದಿನವೂ ಬಂದರು. ನಾಲ್ಕು ಗಂಟೆಗೆ ಗೇಟಿನಲ್ಲಿ ಭೇಟಿ ಚೀಟಿ ತೆಗೆದುಕೊಂಡು, ಒಂದು ಚೀಲ ಕಿತ್ತಳೆ ಹಿಡಿದು ಬಂದು, ಐದು ಗಂಟೆಯ ಗಂಟೆ ಹೊಡೆಯುವವರೆಗೆ ಕೂತು, ತಾವೇ ಸುಲಿದು ತಾವೇ ಮುಕ್ಕಾಲು ಪಾಲು ತಿಂದು ಹೋಗುತ್ತಿದ್ದರು. ಬೆಳಿಗ್ಗೆ ಇನ್ಶಿರಾಹ್ ಎಂಬ ನರ್ಸಮ್ಮ ಬಂದು, "ನಿದ್ದೆ ಬಂತಾ ಉಸ್ತಾದ್ರೇ?" ಎಂದು ಕೇಳುತ್ತಿದ್ದಳು. ಉಸ್ತಾದ್ ಎಂದರೆ ಅಲ್ಲಿ ನಾಲ್ಕಕ್ಷರ ಕಲಿತವರನ್ನು ಕರೆಯುವ ರೀತಿ. ಬಸ್ಯೂನಿಯವರು ನಿದ್ದೆಯ ಬಗ್ಗೆ ಸವಿಸ್ತಾರವಾಗಿ ಹೇಳುತ್ತಿದ್ದರು, ಅವಳು ಕೇಳಿಸಿಕೊಳ್ಳುತ್ತಿದ್ದಳು. ಹತ್ತನೆಯ ದಿನ ಅವರಿಗೆ ಗುಣವಾಯಿತು. ಮನೆಗೆ ಬಂದು ಬಾಗಿಲು ತೆಗೆದರು. ಯಾರೂ ಏನೂ ಕೇಳಲಿಲ್ಲ.

ಮುಂದಿನ ಎರಡು ವರ್ಷದಲ್ಲಿ ಬಸ್ಯೂನಿಯವರು ಇನ್ನೂ ಹತ್ತು ಸಲ ಆಸ್ಪತ್ರೆ ಸೇರಿದರು.

ಇದಕ್ಕೆ ಅವರು ಅನುಸರಿಸಿದ ಕ್ರಮವನ್ನು ವಿವರಿಸಬೇಕು. ಹೊರರೋಗಿಗಳ ಕೌಂಟರಿನ ಪಕ್ಕದಲ್ಲಿ "ದುರಸ್ತಿಯಲ್ಲಿರುವ ಯಂತ್ರಗಳು" ಎಂಬ ಹಲಗೆ ಇದೆ. ಬಸ್ಯೂನಿಯವರು ಮೊದಲು ಅದನ್ನು ಓದುತ್ತಿದ್ದರು. ಎಕ್ಸ್‌ರೇ ಯಂತ್ರ ಕೆಟ್ಟಿದ್ದರೆ ಅವರಿಗೆ ಎದೆ ನೋಯುತ್ತಿತ್ತು. ಸ್ಕ್ಯಾನಿಂಗ್ ಯಂತ್ರ ಕೆಟ್ಟಿದ್ದರೆ ಮೂತ್ರಪಿಂಡ. ಯಾವ ಯಂತ್ರ ನೋಡಬೇಕೋ ಅದು ಇಲ್ಲದಿರುವಾಗ ವೈದ್ಯರು ರೋಗಿಯ ಮಾತನ್ನೇ ನಂಬಬೇಕಾಗುತ್ತದೆ. ಮೂವತ್ತೊಂದು ವರ್ಷ ಕಡತ ನೋಡಿದವರಾದ್ದರಿಂದ ಅವರು ಒಮ್ಮೆ ಹೇಳಿದ ನೋವನ್ನು ಮತ್ತೆಂದೂ ಹೇಳಲಿಲ್ಲ. ಎಲ್ಲಾ ಯಂತ್ರಗಳೂ ಸರಿಯಾಗಿದ್ದ ಒಂದು ವಾರವೂ ಇತ್ತು. ಆ ವಾರ ಅವರು ಮನೆಯಲ್ಲೇ ಇದ್ದು ಬಹಳ ಕಷ್ಟಪಟ್ಟರು.

ಹನ್ನೊಂದನೆಯ ಸಲ, ಮೂತ್ರಪಿಂಡದ ನೋವೆಂದು ಸೇರಿದ್ದಾಗ, ಅವರನ್ನು ನೋಡಿದ್ದು ಮನೋವೈದ್ಯೆ ಡಾಕ್ಟರ್ ನಿವೀನ್. ಹೊಸಬಳು, ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತು. ಆದ್ದರಿಂದ ಹಳೆಯ ಕಡತಗಳನ್ನು ಓದುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ.

"ನೋವು ಯಾವಾಗ ಕಮ್ಮಿ ಆಗುತ್ತೆ ಉಸ್ತಾದ್ರೇ?"

"ಸಂಜೆ ನಾಲ್ಕಕ್ಕೆ ತಾಯಿ."

"ಮತ್ತೆ ಯಾವಾಗ ಶುರು?"

"ಐದಕ್ಕೆ. ಗಂಟೆ ಹೊಡೆದ ತಕ್ಷಣ."

"ಶುಕ್ರವಾರ?"

"ಶುಕ್ರವಾರ ಐದೂವರೆವರೆಗೂ ಆರಾಮ."

ಶುಕ್ರವಾರ ಭೇಟಿಯ ಅವಧಿ ಅರ್ಧ ಗಂಟೆ ಹೆಚ್ಚು ಎಂಬುದು ಅವಳಿಗೆ ಗೊತ್ತಿತ್ತು. ಅವಳು ಪೆನ್ನು ಕೆಳಗಿಟ್ಟು, ಮೆಲ್ಲಗೆ, ಬೈಯುವ ದನಿಯಿಲ್ಲದೆ ಹೇಳಿದಳು: "ನಿಮಗೆ ಮೂತ್ರಪಿಂಡದ ತೊಂದರೆ ಇಲ್ಲ. ಇಲ್ಲದ ಕಾಯಿಲೆಯನ್ನ ಇದೆ ಅಂತ ತೋರಿಸಿ ಚಿಕಿತ್ಸೆ ತಗೊಳ್ಳೋ ಕಾಯಿಲೆ ಒಂದಿದೆ. ಅದು ನಿಮಗಿದೆ." ಬಸ್ಯೂನಿಯವರು ಚಪ್ಪಲಿ ಹುಡುಕತೊಡಗಿದರು. ಹೊರಗೆ ಹಾಕುವುದು ಖಂಡಿತ ಎಂದು ಅವರಿಗೆ ಅನಿಸಿತು. ಗಂಟೆ ಮೂರೂವರೆಯಾಗಿತ್ತು, ಹಾಜಿಯವರು ಕಿತ್ತಳೆ ಕೊಳ್ಳುತ್ತಿರಬಹುದು ಎಂಬುದೊಂದೇ ಅವರ ತಲೆಯಲ್ಲಿತ್ತು.

ವಿಷಯ ನಿರ್ದೇಶಕ ಡಾಕ್ಟರ್ ಲಬೀಬ್ ಅವರ ಮೇಜಿಗೆ ಹೋಯಿತು. ಹದ್ದಿನ ಮುದ್ರೆ ಇರುವುದು ಅವರ ಡ್ರಾಯರಿನಲ್ಲಿ. ಅವರು ಎರಡು ಗ್ಲಾಸ್ ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿದರು.

"ರೋಗ ಇಲ್ಲದವರನ್ನ ಸೇರಿಸಿಕೊಳ್ಳೋ ಹಾಗಿಲ್ಲ," ಎಂದರು. "ಆದ್ರೆ ರೋಗ ಇಲ್ಲದೇ ಇರೋದೇ ಇವರ ರೋಗ ಅಂತ ನೀವೇ ಬರೆದಿದ್ದೀರಲ್ಲಮ್ಮ. ಇದಕ್ಕೆ ರೋಗಗಳ ಪುಸ್ತಕದಲ್ಲಿ ಸಂಖ್ಯೆ ಇದೆಯೋ?"

"ಇದೆ ಸರ್. ಆದ್ರೆ ಅವರಿಗೆ ಬೇಕಾಗಿರೋದು ಹಾಸಿಗೆ ಅಲ್ಲ, ಜೊತೆಗೆ ಕೂತು ಮಾತಾಡೋ ಒಬ್ಬ..."

"ಮಾತಿಗೆ ಸಂಖ್ಯೆ ಇಲ್ಲಮ್ಮ. ಹಾಸಿಗೆಗಿದೆ."

ಮುದ್ರೆ ಬಿತ್ತು. ಬಸ್ಯೂನಿಯವರಿಗೆ ಮೂರನೇ ವಾರ್ಡಿನ ಏಳನೇ ಹಾಸಿಗೆ ಸಿಕ್ಕಿತು. ಅದು ಕಿಟಕಿಯ ಪಕ್ಕದ ಹಾಸಿಗೆ. ಕಿಟಕಿ ಎಂದರೆ ಕಾಲುವೆಯ ಕಡೆಗೆ ತೆರೆಯುವ ಕಿಟಕಿ. ಇನ್ನೊಂದು ಕಿಟಕಿ ಅಡುಗೆಮನೆಯ ಹೊಗೆಗೆ ತೆರೆಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

"ಹಾಗಾದ್ರೆ ನಾನು ನಟಿಸ್ತಾನೇ ಇರ್ಬೇಕಾ?" ಎಂದು ಬಸ್ಯೂನಿಯವರು ವಿಚಾರಿಸಿದರು.

"ಇರ್ಲೇಬೇಕು," ಎಂದರು ಲಬೀಬ್. "ನಿಲ್ಲಿಸಿದ ದಿನ ಗುಣ ಆಯ್ತು ಅಂತ ಅರ್ಥ. ಗುಣ ಆದವರಿಗೆ ಇಲ್ಲೇನು ಕೆಲಸ?"

ಮೂರು ತಿಂಗಳಲ್ಲಿ ಇಂಥ ಇನ್ನೂ ಹನ್ನೆರಡು ಮಂದಿ ಪತ್ತೆಯಾದರು. ಅವರಿಗೆ ಔಷಧಿಯ ಖರ್ಚಿಲ್ಲ, ಗದ್ದಲವಿಲ್ಲ, ಸಾವಿಲ್ಲ. ಮನೆಗೆ ಹೋದವರೆಲ್ಲ ಗುಣವಾಗಿಯೇ ಹೋದರು. ಇದೇ ಅವಧಿಯಲ್ಲಿ ಒಂದನೇ ವಾರ್ಡಿನ ನಿಜರೋಗಿಗಳು ಮೊದಲಿನಂತೆಯೇ ಬೇಜವಾಬ್ದಾರಿಯಿಂದ ಸಾಯುತ್ತಿದ್ದರು. ವರ್ಷ ತುಂಬುವ ಹೊತ್ತಿಗೆ ಪ್ರಾಂತ್ಯದ ಕಚೇರಿಯಿಂದ ಪ್ರಶಂಸಾಪತ್ರ ಬಂತು. ಡಾಕ್ಟರ್ ಲಬೀಬ್ ಅವರು ಸರ್ಜನ್ನರನ್ನೂ, ಒಳ್ಳೆಯ ನರ್ಸುಗಳನ್ನೂ, ತಿರುಗುವ ಎರಡು ಫ್ಯಾನುಗಳನ್ನೂ ಮೂರನೇ ವಾರ್ಡಿಗೆ ವರ್ಗಾಯಿಸಿ, ಗೇಟಿನಲ್ಲಿ ಹೀಗೊಂದು ಪ್ರಕಟಣೆ ಅಂಟಿಸಿದರು:

"ಸಾರ್ವಜನಿಕರ ಗಮನಕ್ಕೆ. ಮೂರನೇ ವಾರ್ಡಿಗೆ ಸೇರಬಯಸುವವರು ತಮಗೆ ಯಾವುದೇ ರೋಗವಿಲ್ಲವೆಂದು ಸಮಿತಿಯ ಮುಂದೆ ರುಜುವಾತು ಮಾಡತಕ್ಕದ್ದು. ನಿಜವಾದ ರೋಗವನ್ನು ಮರೆಮಾಚಿ ಸೇರಿದವರನ್ನು ಪತ್ತೆಯಾದ ಕೂಡಲೇ ಒಂದನೇ ವಾರ್ಡಿನ ಪಡಸಾಲೆಗೆ ಕಳುಹಿಸಲಾಗುವುದು. ಪಡಸಾಲೆಯಲ್ಲಿ ಸ್ಥಳಾಭಾವದ ಕಾರಣ ಭೇಟಿಗೆ ಅವಕಾಶವಿಲ್ಲ."

ಮಿನ್ಯತ್ ಜುಮ್ಮೇಜಿನ ಜನ ದಡ್ಡರಲ್ಲ. ಮರುವಾರವೇ ಒಬ್ಬ ಬಡಗಿಯನ್ನು ಕತ್ತೆಗಾಡಿಯಲ್ಲಿ ತಂದರು. ಅವನ ಮೊಣಕಾಲಿನ ಕೆಳಗಿನ ಭಾಗ ಬೇರೊಂದು ದಿಕ್ಕಿಗೆ ನೋಡುತ್ತಿತ್ತು.

"ಮುರಿದಿದೆಯಲ್ಲಪ್ಪ," ಎಂದಳು ನಿವೀನ್.

"ಇಲ್ಲ ತಾಯಿ. ಸುಮ್ಮನೆ ನಾಟಕ."

"ಮೂಳೆ ಕಾಣಿಸ್ತಾ ಇದೆ."

"ಚಿಕ್ಕಂದಿನಿಂದ ಅಭ್ಯಾಸ ತಾಯಿ," ಎಂದು ಬಡಗಿ ಹಲ್ಲು ಕಚ್ಚಿಕೊಂಡು ನಕ್ಕ. ಅವನ ಹೆಂಡತಿ ಪಕ್ಕದಲ್ಲಿ ನಿಂತು, "ಮನೇಲೂ ಹಿಂಗೇ ಮಾಡ್ತಾರೆ. ಏಣಿ ಹತ್ತಿ ಬೀಳೋದು ಒಂದು ಚಟ," ಎಂದು ಸಾಕ್ಷಿ ಹೇಳಿದಳು. ಸಮಿತಿ ಸೇರಿಸಿಕೊಂಡಿತು. ಸಮಿತಿಯಲ್ಲಿ ಮೂವರಿದ್ದರು: ಲಬೀಬ್, ನಿವೀನ್ ಮತ್ತು ಉಗ್ರಾಣದ ಮೇಲ್ವಿಚಾರಕ. ಮೇಲ್ವಿಚಾರಕ ಯಾಕೆ ಎಂದರೆ, ಸಮಿತಿಗೆ ಮೂವರು ಬೇಕು.

ಇಷ್ಟರಲ್ಲಿ ಬಸ್ಯೂನಿಯವರು ವರ್ಷವಿಡೀ ಸುಖವಾಗಿದ್ದರು. ಬೆಳಿಗ್ಗೆ ಇನ್ಶಿರಾಹ್ ನಿದ್ದೆಯ ಬಗ್ಗೆ ಕೇಳುತ್ತಿದ್ದಳು, ಸಂಜೆ ಹಾಜಿಯವರು ಕಿತ್ತಳೆ ತರುತ್ತಿದ್ದರು. ಹಾಗಿರುವಾಗ, ಸಮಿತಿ ತಿಂಗಳಿಗೊಮ್ಮೆ ನಡೆಸುವ ಮರುಪರೀಕ್ಷೆಗೆ ಮೂರು ದಿನ ಬಾಕಿ ಇದೆ ಎನ್ನುವಾಗ, ಅವರ ಬಲಗಡೆಯ ಪಕ್ಕೆಲುಬಿನ ಕೆಳಗೆ ನೋವು ಬಂತು. ಅವರು ಮೊದಲು ಅದನ್ನು ಗುರುತಿಸಲಿಲ್ಲ. ತಮ್ಮ ಹನ್ನೊಂದು ಕಡತಗಳಲ್ಲಿ ಎಲ್ಲೂ ಇರದ ನೋವು. ತಾವು ಕರೆಯದೆ ಬಂದ ನೋವು.

ನಾಲ್ಕು ಗಂಟೆಗೆ ಹಾಜಿಯವರು ಬಂದು ಕಿತ್ತಳೆ ಸುಲಿದು ಚಾಚಿದರು. ಬಸ್ಯೂನಿಯವರು ಬೇಡವೆಂದರು.

"ಯಾಕಯ್ಯ? ಮುಖ ನಿಂಬೆಹಣ್ಣಿನ ಹಾಗಾಗಿದೆ. ಏನಾದ್ರೂ ನಿಜವಾಗ್ಲೂ ಆಯ್ತೋ ಏನು?"

"ಮೆಲ್ಲಗೆ ಹಾಜಿ. ಇನ್ಶಿರಾಹ್ ಕೇಳಿಸ್ಕೊಂಡ್ರೆ ಪಡಸಾಲೆಗೆ ಹಾಕ್ತಾರೆ."

"ಪಡಸಾಲೇಲಿ ಭೇಟಿ ಇಲ್ವಲ್ಲ."

"ಅದೇ ಹೇಳ್ತಿರೋದು."

ಹಾಜಿಯವರು ಬಸ್ಯೂನಿಯವರ ಪಾಲಿನ ತೊಳೆಯನ್ನೂ ತಿಂದು, ಬೀಜವನ್ನು ಅಂಗೈಗೆ ಉಗಿದುಕೊಂಡರು. "ನಾನು ಲೆಕ್ಕ ಇಟ್ಟಿದ್ದೀನಿ ನೋಡು. ನೀನು ಹನ್ನೊಂದು ಸಲ ಮಲಗಿದೆ, ಹನ್ನೊಂದು ಸಲವೂ ನಾನು ಬಂದೆ. ನೀನು ನನ್ನನ್ನ ನೋಡೋಕೆ ಒಂದು ಸಲ ಬಂದಿದ್ದೀಯಾ?"

"ನಿಮಗೆ ಏನೂ ಆಗ್ಲೇ ಇಲ್ವಲ್ಲ ಹಾಜಿ. ಕಲ್ಲುಗುಂಡು ಇದ್ದ ಹಾಗಿದ್ದೀರಿ."

"ಹೌದಪ್ಪ. ಮನೇಲಿ ಒಂಬತ್ತು ಜನ ಇದ್ದಾರೆ. ಕಲ್ಲುಗುಂಡಿಗೆ ನಿದ್ದೆ ಬಂತಾ ಅಂತ ಯಾರು ಕೇಳ್ತಾರೆ?" ಎಂದರು ಹಾಜಿ. ಗಂಟೆ ಹೊಡೆಯಿತು. ಎದ್ದು ಹೋದರು.

ಮೂರು ದಿನ ಬಸ್ಯೂನಿಯವರು ಪಟ್ಟ ಶ್ರಮ ದೊಡ್ಡದು. ನಿಜವಾದ ನೋವನ್ನು ಬಚ್ಚಿಟ್ಟುಕೊಂಡು, ಅದರ ಮೇಲೆ ಸುಳ್ಳು ನೋವನ್ನು ನಟಿಸಬೇಕಾಗಿತ್ತು. ಬಲಗಡೆ ಹಿಂಡುವಾಗ ಎಡಗಡೆ ಹಿಡಿದುಕೊಂಡು ನರಳುತ್ತಿದ್ದರು. ಮರುಪರೀಕ್ಷೆಯ ದಿನ ನಿವೀನ್ ಹೊಟ್ಟೆಯ ಬಲಭಾಗ ಒತ್ತಿದಳು. ಅವರು ಹಾಕಿದ ಕೂಗಿಗೆ ಕಾಲುವೆಯ ಮೇಲಿದ್ದ ಬೆಳ್ಳಕ್ಕಿಗಳು ಎದ್ದು ಹೋದವು.

"ಬಹಳ ಚೆನ್ನಾಗಿದೆ," ಎಂದರು ಉಗ್ರಾಣದ ಮೇಲ್ವಿಚಾರಕರು. "ಹೋದ ತಿಂಗಳಿಗಿಂತ ಸುಧಾರಿಸಿದ್ದಾರೆ."

"ಸರ್, ಇದು ನಿಜ. ಪಿತ್ತಕೋಶದ ಕಲ್ಲು," ಎಂದಳು ನಿವೀನ್. "ಕಣ್ಣು ಹಳದಿಯಾಗಿದೆ ನೋಡಿ."

"ಅದನ್ನೂ ನಟಿಸ್ತಿದ್ದಾರಮ್ಮ. ಅನುಭವಸ್ಥರು," ಎಂದರು ಲಬೀಬ್.

"ಹೌದು ತಾಯಿ, ನಟಿಸ್ತಿದ್ದೀನಿ," ಎಂದರು ಬಸ್ಯೂನಿಯವರು, ಬೆವರು ಒರೆಸಿಕೊಳ್ಳುತ್ತಾ.

ನಿವೀನ್ ಅವರಿಬ್ಬರನ್ನೂ ನೋಡಿದಳು. ಅವಳು ಕೆಲಸಕ್ಕೆ ಸೇರಿ ಈಗ ಒಂದು ವರ್ಷ ದಾಟಿತ್ತು. ಅಂದರೆ ಸರ್ಕಾರಿ ಕಚೇರಿಯಲ್ಲಿ ನಿಜವನ್ನು ಯಾವ ಬಾಗಿಲಿನಿಂದ ಒಳಗೆ ತರಬೇಕೆಂದು ಕಲಿತಿದ್ದಳು. "ಸರಿ ಸರ್. ಆಪರೇಷನ್ ಆಗದಿದ್ರೆ ಇವರು ಇನ್ನೊಂದು ವಾರದಲ್ಲಿ ಸಾವನ್ನೂ ನಟಿಸ್ತಾರೆ. ಅದನ್ನ ಎಷ್ಟು ಚೆನ್ನಾಗಿ ನಟಿಸ್ತಾರೆ ಅಂದ್ರೆ, ಹೂಳಬೇಕಾಗುತ್ತೆ. ಈ ವಾರ್ಡಿನ ವರದಿಯಲ್ಲಿ ಬರೀಬೇಕಾಗುತ್ತೆ."

ಲಬೀಬ್ ಅವರು ಚಹಾ ತರಿಸಿದರು. ಈ ಸಲ ಒಂದೇ ಗ್ಲಾಸಿನಲ್ಲಿ ನಿರ್ಧಾರವಾಯಿತು. ಸಂಜೆಯೊಳಗೆ ಹೊಸ ನಿಯಮ ಟೈಪಾಗಿ ಬಂತು: "ರೋಗವನ್ನು ನಟಿಸುವವರಿಗೆ ಅಗತ್ಯವಿದ್ದಲ್ಲಿ ನಟನೆಯ ಶಸ್ತ್ರಚಿಕಿತ್ಸೆ ಮಾಡಬಹುದು. ರೋಗಿಗೆ ನಂಬಿಕೆ ಬರುವ ಸಲುವಾಗಿ ನಿಜವಾದ ಸರ್ಜನ್, ನಿಜವಾದ ಅರಿವಳಿಕೆ ಮತ್ತು ನಿಜವಾದ ಚಾಕುವನ್ನು ಉಪಯೋಗಿಸತಕ್ಕದ್ದು."

ಮರುದಿನ ನಟನೆಯ ಶಸ್ತ್ರಚಿಕಿತ್ಸೆ ನಡೆಯಿತು. ಕಡಲೆಕಾಳಿನ ಗಾತ್ರದ ಏಳು ಕಲ್ಲುಗಳು ಹೊರಬಂದವು. ಅವುಗಳನ್ನು ಗಾಜಿನ ಭರಣಿಯಲ್ಲಿ ಹಾಕಿ, "ಕೃತಕ" ಎಂಬ ಚೀಟಿ ಅಂಟಿಸಿ, ಮೇಲ್ವಿಚಾರಕರು ಉಗ್ರಾಣದಲ್ಲಿ ಇಟ್ಟುಕೊಂಡರು. ಬಡಗಿಯ ಕಾಲಿಗೂ ಅದೇ ನಿಯಮದಡಿ ನಟನೆಯ ರಾಡು ಹಾಕಿದರು. ಅವನು ಈಗ ನಟಿಸುತ್ತಲೇ ನಡೆದಾಡುತ್ತಾನೆ.

ಅರಿವಳಿಕೆ ಇಳಿದು ಬಸ್ಯೂನಿಯವರು ಕಣ್ಣು ತೆರೆದಾಗ ಏಳನೇ ಹಾಸಿಗೆಯಲ್ಲೇ ಇದ್ದರು. ಪಕ್ಕೆಯಲ್ಲಿ ನೋವಿರಲಿಲ್ಲ. ಗೋಡೆಯ ಗಡಿಯಾರ ನೋಡಿದರು. ನಾಲ್ಕೂಕಾಲು. ಕುರ್ಚಿ ಖಾಲಿಯಾಗಿತ್ತು. ಅಂದು ಹಾಜಿಯವರು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಬಸ್ಯೂನಿಯವರಿಗೆ ನಿಜವಾಗಿಯೂ ಎಲ್ಲೆಲ್ಲೋ ನೋಯತೊಡಗಿತು. ಎಲ್ಲಿ ಎಂದು ತೋರಿಸಲು ಅವರಿಗೆ ಆಗಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಇನ್ಶಿರಾಹ್ ಎಂಟನೇ ಹಾಸಿಗೆಗೆ ಹೊಸ ಹೊದಿಕೆ ಹಾಸಿದಳು. ಆಸ್ಪತ್ರೆಯ ಗೆರೆಗೆರೆ ಅಂಗಿ ತೊಟ್ಟು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಒಳಗೆ ಬಂದವರು ಹಾಜಿ ಮಿತ್ವಲ್ಲಿ.

"ಸಮಿತಿ ಮೂರು ದಿನ ಸತಾಯಿಸಿತು ಕಣಯ್ಯ," ಎಂದು ಅವರು ಉಸ್ಸೆಂದು ಕೂತರು. "ನನಗೆ ಏನೂ ಇಲ್ಲ ಅಂತ ಎಷ್ಟು ಹೇಳಿದ್ರೂ ನಂಬಲ್ಲ."

"ಏನು ನಟಿಸಿದ್ರಿ?"

"ಸೊಂಟ. ಕೆಟ್ಟದಾಗಿ ನಟಿಸಿದೆ. ಆ ಡಾಕ್ಟರಮ್ಮ ನಕ್ಕುಬಿಟ್ಲು. ಆಮೇಲೆ ಏನೂ ಕೇಳ್ದೇ ಸಹಿ ಹಾಕಿದ್ಲು."

ಆಗ ಒಂದು ತೊಡಕು ಎದುರಾಯಿತು. ಹಾಜಿಯವರು ಒಳರೋಗಿಯಾದ್ದರಿಂದ ಅವರು ಬಸ್ಯೂನಿಯವರನ್ನು ಭೇಟಿಯಾಗುವುದು ಭೇಟಿಯೋ ಅಲ್ಲವೋ ಎಂಬ ಪ್ರಶ್ನೆ. ಕಚೇರಿಯಿಂದ ಸ್ಪಷ್ಟೀಕರಣ ಬಂತು: ಹಾಸಿಗೆಗಳ ನಡುವಿನ ಅಂತರ ಎಷ್ಟೇ ಇರಲಿ, ಭೇಟಿ ಭೇಟಿಯೇ, ಚೀಟಿ ಕಡ್ಡಾಯ. ಇದನ್ನು ಯಾರೂ ವಿಚಿತ್ರವೆಂದು ಭಾವಿಸಲಿಲ್ಲ. ಭೇಟಿ ಬಾಕಿ ಇರುವುದು ಬಸ್ಯೂನಿಯವರ ಕಡೆಯಿಂದ ಆದ್ದರಿಂದ, ಹೊಲಿಗೆ ಬಿಚ್ಚಿದ ಮರುದಿನ ಮೂರೂ ಮುಕ್ಕಾಲಿಗೆ ಅವರೇ ಎದ್ದು, ಆಸ್ಪತ್ರೆಯ ಅಂಗಿಯಲ್ಲೇ ಎರಡು ಮಹಡಿ ಇಳಿದು, ಗೇಟಿನ ಹೊರಗೆ ಹೋಗಿ ಒಂದು ಚೀಲ ಕಿತ್ತಳೆ ಕೊಂಡು, ಸರದಿಯಲ್ಲಿ ನಿಂತು ಚೀಟಿ ತೆಗೆದುಕೊಂಡು, ಮತ್ತೆ ಎರಡು ಮಹಡಿ ಹತ್ತಿ ಎಂಟನೇ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಬಂದು ಕೂತರು. ಕೂತವರ ಬೆನ್ನು ಅವರ ಸ್ವಂತ ಹಾಸಿಗೆಗೆ ತಾಗುತ್ತಿತ್ತು.

"ಹೇಗಿದ್ದೀರಿ ಹಾಜಿ? ನಿದ್ದೆ ಬಂತಾ?"

ಹಾಜಿಯವರು ದಿಂಬಿಗೆ ಒರಗಿ, ಗಂಟಲು ಸರಿಮಾಡಿಕೊಂಡು, ನಿದ್ದೆಯ ಬಗ್ಗೆ ಹೇಳಲು ಶುರುಮಾಡಿದರು. ಅದು ಐದರವರೆಗೂ ಮುಗಿಯಲಿಲ್ಲ. ಬಸ್ಯೂನಿಯವರು ಸುಲಿದು, ಮುಕ್ಕಾಲು ಪಾಲು ತಾವೇ ತಿಂದರು. ಗಂಟೆ ಹೊಡೆದಾಗ ಇನ್ಶಿರಾಹ್ ಬಾಗಿಲಲ್ಲಿ ನಿಂತು, "ನೋಡೋಕೆ ಬಂದವರೆಲ್ಲ ಹೊರಡಿ," ಎಂದಳು.

"ಬರ್ತೀನಿ ಹಾಜಿ. ಬೇಗ ಗುಣ ಆಗ್ಲಿ," ಎಂದು ಬಸ್ಯೂನಿಯವರು ಎದ್ದರು.

"ಹುಷಾರಾಗಿ ಹೋಗಯ್ಯ, ಹೊತ್ತಾಯ್ತು," ಎಂದರು ಹಾಜಿ. "ಇನ್ನೂ ಹತ್ತು ಸಲ ಬಾಕಿ ಇದೆ, ನೆನಪಿರ್ಲಿ."

ಬಸ್ಯೂನಿಯವರು ತಿರುಗಿ, ಚಪ್ಪಲಿ ಬಿಟ್ಟು, ಏಳನೇ ಹಾಸಿಗೆಯನ್ನು ತಲುಪಿದರು.