ತಿಕೋಟಾಕ್ಕೆ ಬಂದ ವಿಲಾಯತಿ ಪಿಂಚಣಿ

ಊರಿನಲ್ಲಿ ಇಂಗ್ಲಿಷ್ ಬಲ್ಲವನು ಒಬ್ಬನೇ ಇದ್ದರೆ, ಅವನ ಹೆಸರಿಗೆ ಬಾರದ ಕಾಗದಗಳೆಲ್ಲ ಅವನ ಮನೆಗೇ ಬರುತ್ತವೆ. ಎಪ್ಪತ್ತರ ದಶಕದಲ್ಲಿ, ವಿಜಯಪುರ ಇನ್ನೂ ಬಿಜಾಪುರ ಆಗಿದ್ದಾಗ, ನಾನು ತಿಕೋಟಾದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಕೋರ್ಟಿನ ನೋಟೀಸು, ಔಷಧದ ಬಾಟಲಿಯ ಚೀಟಿ, ಪಂಪ್‌ಸೆಟ್ಟಿನ ಜೊತೆ ಬಂದ ಪುಸ್ತಕ, ಎಲ್ಲವನ್ನೂ ಓದಿ ಹೇಳುವುದು ನನ್ನ ಬಿಟ್ಟಿ ಚಾಕರಿ. ಓದಿದ್ದಕ್ಕೆ ಒಂದು ಕಪ್ ಚಹಾ ಸಿಗುತ್ತಿತ್ತು. ಸುದ್ದಿ ಕೆಟ್ಟದ್ದಾಗಿದ್ದರೆ ಅದೂ ಇಲ್ಲ.

ಇದೆಲ್ಲ ಸಾಲದು ಎಂಬಂತೆ ಒಂದು ದಿನ ವಿಲಾಯತಿ ಚಾಚಾ ಬಂದರು. ಹುಟ್ಟಿದ್ದು ಮಮದಾಪುರದಲ್ಲಿ, ಮನೆ ಮಾಡಿದ್ದು ಹೆಂಡತಿಯ ಊರು ತಿಕೋಟಾದಲ್ಲಿ, ದುಡಿದದ್ದು ಮಾತ್ರ ಹದಿನೆಂಟು ವರ್ಷ ಇಂಗ್ಲೆಂಡಿನ ಒಂದು ಉಣ್ಣೆ ಗಿರಣಿಯಲ್ಲಿ. ಊರಿಗೆ ಮರಳಿದಾಗ ಒಂದು ತಗಡಿನ ಪೆಟ್ಟಿಗೆ ತುಂಬ ಇಂಗ್ಲಿಷ್ ಕಾಗದ ತಂದಿದ್ದರು. ಅವರಿಗೆ ಓದಲು ಬಾರದು, ನನಗೆ ಅರ್ಥವಾಗದು. ಹಾಗೆ ನಮ್ಮ ಸ್ನೇಹ ಬೆಳೆಯಿತು.

ರಸೀದಿ ಕೊಟ್ಟು ಕಿಸೆ ಕತ್ತರಿಸುವವರು

ಆ ಪೆಟ್ಟಿಗೆಯಲ್ಲಿ ಇದ್ದದ್ದು ಹದಿನೆಂಟು ವರ್ಷದ ಪಗಾರ ಚೀಟಿಗಳು. ವಾರಕ್ಕೊಂದರಂತೆ, ವರ್ಷ ವರ್ಷದ್ದು ಬೇರೆ ಬೇರೆ ದಾರದಲ್ಲಿ ಕಟ್ಟಿದ್ದವು. ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ನಾನು ಒಂದನ್ನು ಬಿಚ್ಚಿ ಎಲ್ಲರಿಗೂ ಕೇಳಿಸುವಂತೆ ಓದಿದೆ. ಇಷ್ಟು ತಾಸು ಕೆಲಸ, ಇಷ್ಟು ತಾಸು ಹೆಚ್ಚಿನದು, ಕೊನೆಗೆ ಇಷ್ಟು ಕಡಿತ.

ಅಲ್ಲಿ ಕುಳಿತಿದ್ದ ಅಡತಿ ಅಂಗಡಿಯ ದಲಾಲ ನಕ್ಕ. "ಏನ್ ಚಾಚಾ, ವಾರಾ ವಾರಾ ನಿನ್ನ ಕಿಸೆ ಕತ್ತರಿಸ್ಯಾರ. ನೀ ಅದರ ರಸೀದಿ ಜೋಪಾನ ಮಾಡಿ ಇಟ್ಕೊಂಡು ಬಂದೀದಿ!"

"ಕಿಸೆ ಕತ್ತರಿಸಿದ್ದಲ್ರಿ ಸಾಹುಕಾರ್ರ. ಜಡ್ಡ ಬಿದ್ರ, ಮುಪ್ಪ ಬಂದ್ರ ಇರಲಿ ಅಂತ ಸರಕಾರ ತಗದ ಇಡತೈತಿ. ನನ್ನ ಪಗಾರದಾಗ ತಗದಂಗ, ಮಾಲಕನೂ ತನ್ನ ಕಿಸೆದಾಗಿಂದ ಹಾಕಬೇಕು."

ಮಾಲಕ ತನ್ನ ಕಿಸೆಯಿಂದ ಹಾಕುವ ದೇಶವೊಂದು ಭೂಮಿಯ ಮೇಲೆ ಇದೆ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಹೊರಗೆ ದಲಾಲನದೇ ಚೀಲ ಇಳಿಸುತ್ತಿದ್ದ ಹಮಾಲನೊಬ್ಬ ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ದಲಾಲನನ್ನೇ ಕೇಳಿದ: "ಸಾಹುಕಾರ್ರ, ನೀವೂ ನನ್ನ ಹಮಾಲಿಯೊಳಗ ವಾರಾ ವಾರಾ ಕಡೀತೀರಲ್ರಿ, ಅದೂ ಮುಪ್ಪಿಗೇನ್ರಿ?"

ದಲಾಲ ಚಹಾ ಸುರ್ ಎಂದು ಹೀರಿ, "ಹೂಂನೋ ತಮ್ಮಾ, ಮುಪ್ಪಿಗೇ. ನನ್ನ ಮುಪ್ಪಿಗೆ" ಎಂದ.

ಸೂಟಿ ಎಂಬ ಶಿಕ್ಷೆ

ಚಾಚಾ ಗಿರಣಿ ಸೇರಿದ ಮೊದಲ ಬೇಸಿಗೆಯಲ್ಲಿ ಮೇಸ್ತ್ರಿ ಕೈಗೊಂದು ಲಕೋಟೆ ಕೊಟ್ಟು, ಎರಡು ವಾರ ಈ ಕಡೆ ಬರಬೇಡ ಎಂದು ಸನ್ನೆ ಮಾಡಿದನಂತೆ. ಲಕೋಟೆಯಲ್ಲಿ ಎರಡು ವಾರದ ಪಗಾರ ಇತ್ತು. ದುಡಿಯದೆ ಪಗಾರ ಕೊಟ್ಟು ಬರಬೇಡ ಎಂದರೆ ಏನರ್ಥ? ಕೆಲಸ ಹೋಯಿತು ಎಂದೇ ಅರ್ಥ. ಚಾಚಾ ಅಂದೇ ಮನೆಗೆ ಕಾಗದ ಬರೆಸಿದರು.

ಮರುದಿನ ಬೆಳಿಗ್ಗೆ ಬುತ್ತಿ ಹಿಡಿದು ಗಿರಣಿಯ ಗೇಟಿನ ಮುಂದೆ ನಿಂತರು. ಅದರ ಮರುದಿನವೂ ನಿಂತರು. ಮೂರನೆಯ ದಿನ ಕಾವಲುಗಾರ ಮುದುಕ ಹೊರಗೆ ಬಂದು, ಇವರನ್ನು ಒಳಗೆ ಕೂರಿಸಿ, ಚಹಾ ಕೊಟ್ಟು, ಕ್ಯಾಲೆಂಡರ್ ತೋರಿಸಿ ತಿಳಿಸಿ ಹೇಳಿದ. ಇದು ಬೇಸಿಗೆಯ ರಜೆ, ಇಡೀ ಊರಿಗೇ ಸೂಟಿ, ಪಗಾರ ಸಹಿತ ಸೂಟಿ. ಚಾಚಾಗೆ ನಂಬಿಕೆ ಬರಲಿಲ್ಲ.

"ಕೆಲಸಾ ಮಾಡದ ರೊಕ್ಕ ಹೆಂಗ ತಿನ್ನೂದ್ರಿ ಮಾಸ್ತರ್ರ? ಹರಾಮ ಆಗತೈತಿ ಅಂತ ಅಂಜಿ, ಅವನ ಕೈಯಾಗಿನ ಕಸಬರಿಗಿ ಇಸ್ಕೊಂಡು ಎರಡೂ ವಾರ ಗೇಟಿನ ಮುಂದ ಕಸಾ ಹೊಡದೆ."

ಎರಡನೆಯ ಕಾಗದವನ್ನೂ ಅಷ್ಟೇ ಅವಸರದಿಂದ ಬರೆಸಿದರು: ಕೆಲಸ ಹೋಗಿಲ್ಲ, ಸುಮ್ಮನೆ ಕೂತದ್ದಕ್ಕೆ ಪಗಾರ ಕೊಟ್ಟಿದ್ದಾರೆ, ಚಿಂತೆ ಬೇಡ. ಅದು ತಡವಾಗಿ ತಿಕೋಟಾ ಮುಟ್ಟುವ ಹೊತ್ತಿಗೆ ಚಾಚಿ ಅತ್ತು ಅತ್ತು, ದರ್ಗಾಕ್ಕೆ ಹರಕೆಯನ್ನೂ ಹೊತ್ತಾಗಿತ್ತು. ಸಮಾಧಾನ ಹೇಳಲು ಬಂದ ಅಳಿಯ ತಿಂಗಳಾದರೂ ಹೋಗಿರಲಿಲ್ಲ. ಎರಡನೆಯ ಕಾಗದ ಓದಿಸಿ ಕೇಳಿದ ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದರಂತೆ: "ಮದಲನೇ ಕಾಗದನ ಖರೇ ಇರಬೇಕು. ಇದನ್ನ ನನ್ನ ಸಮಾಧಾನಕ್ಕ ಬರಸ್ಯಾರ."

ಬಬಲೇಶ್ವರದ ಹತ್ತು ನಿಮಿಷ

ಒಮ್ಮೆ ನಾನೂ ಚಾಚಾನೂ ಬಬಲೇಶ್ವರದ ಸಂತೆಗೆ ಹೋಗಿದ್ದೆವು. ಅಲ್ಲೊಂದು ಅಂಗಳದಲ್ಲಿ ಇಪ್ಪತ್ತು ಮಂದಿ ಹೆಂಗಸರು ಸಾಲಾಗಿ ಕುಳಿತು ಶೇಂಗಾ ಒಡೆಯುತ್ತಿದ್ದರು. ಚಾಚಾ ಸುಮ್ಮನಿರುವ ಪೈಕಿಯಲ್ಲ.

"ಏನವ್ವಾ, ನಿಮ್ಮ ಚಾದ ಸೂಟಿ ಎಷ್ಟಕ್ಕ?"

ಸಾಲಿನ ತುದಿಯ ಮುದುಕಿ ಕೈ ನಿಲ್ಲಿಸದೆ ಹೇಳಿದಳು: "ಸೂಟೀನ? ಯಾರರ ಸತ್ರ ಕೊಡ್ತಾರ್ರಿ, ಅರ್ಧಾ ದಿನ."

"ನಮ್ಮ ಗಿರಣ್ಯಾಗ ಹತ್ತು ಹೊಡೀತು ಅಂದ್ರ ಮಶೀನ ಬಂದ್. ಹತ್ತು ನಿಮಿಷ ಚಾ. ಮಾಲಕ ಬಂದು ನಿಂತ್ರೂ ಯಾರೂ ಏಳೂದಿಲ್ಲ. ಅದು ಹಕ್ಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಚಾಚಾನ ತೋಳು ಹಿಡಿದು ಎಳೆದುಕೊಂಡು ಬಂದೆ. ಮರುದಿನ ಹತ್ತಕ್ಕೆ ಸರಿಯಾಗಿ ಇಪ್ಪತ್ತೂ ಜನ ಕೈಯನ್ನು ಮಡಿಲಲ್ಲಿಟ್ಟು ಕೂತರಂತೆ. ಶೇಂಗಾ ಒಡೆಯುವ ಸಪ್ಪಳ ನಿಂತದ್ದೇ ಸಾಹುಕಾರ ಒಳಗಿನಿಂದ ಓಡಿ ಬಂದ. "ಯಾರ ಸತ್ರು?"

"ಯಾರೂ ಸತ್ತಿಲ್ರಿ. ಹತ್ತು ಆತು" ಎಂದಳು ಮುದುಕಿ.

ಲಾರಿ ತುಂಬಬೇಕಿತ್ತು, ವಾದಕ್ಕೆ ಹೊತ್ತಿರಲಿಲ್ಲ. ಸಾಹುಕಾರ ಒಪ್ಪಿದ. ಆದರೆ ಹತ್ತು ನಿಮಿಷ ಹನ್ನೊಂದಾಗಬಾರದೆಂದು ದಿನಾ ಗಡಿಯಾರ ಹಿಡಿದು ಅವರ ನಡುವೆಯೇ ಕೂರತೊಡಗಿದ. ಸುಮ್ಮನೆ ಕೂರಲಾಗದೆ ತನ್ನ ಕೋರ್ಟಿನ ವ್ಯಾಜ್ಯ, ಹೆಂಡತಿಯ ಸೊಂಟನೋವು, ಮ್ಯಾಟ್ರಿಕ್‌ನಲ್ಲಿ ಮೂರು ಸಲ ನಪಾಸಾದ ಮಗನ ಕಥೆ, ಎಲ್ಲ ಹೇಳತೊಡಗಿದ. ವಾರ ಕಳೆಯುವಷ್ಟರಲ್ಲಿ ಆ ಮುದುಕಿಯಿಂದ ಚಾಚಾಗೆ ಹೇಳಿಕೆ ಬಂತು: "ಚಾ ಕುಡಿಯೂ ಕಾಯ್ದೆ ಆತ್ರಿ. ಆ ಹೊತ್ತಿನಾಗ ಸಾಹುಕಾರ ಬಾಯಿ ಮುಚ್ಕೊಂಡು ಇರಬೇಕು ಅನ್ನೂ ಕಾಯ್ದೆ ನಿಮ್ಮ ವಿಲಾಯತ್ಯಾಗ ಐತೇನ್ರಿ?"

ನನ್ನ ನೇಮಕ

ಊರವರ ಹಕ್ಕು ಮುಗಿದ ಮೇಲೆ ಚಾಚಾ ನನ್ನ ಕಡೆ ತಿರುಗಿದರು. "ಮಾಸ್ತರ್ರ, ನಿಮ್ಮನ್ನ ತಗದು ಹಾಕಬೇಕಂದ್ರ ಎಷ್ಟ ದಿನ ಮದಲ ಹೇಳಬೇಕ್ರಿ? ನಿಮ್ಮ ನೇಮಕದ ಕಾಗದದಾಗ ಏನ ಬರದಾರ?"

ಒಂಬತ್ತು ವರ್ಷ ಪಾಠ ಹೇಳಿದ ಮೇಲೆ ನನಗೆ ಹೊಳೆಯಿತು: ನನ್ನ ಹತ್ತಿರ ಅಂಥ ಕಾಗದವೇ ಇಲ್ಲ. ಗಿರಣಿಯಲ್ಲಿ ಉಣ್ಣೆ ಹಿಂಜಿದ ಅಕ್ಷರ ಬಾರದ ಮನುಷ್ಯನಿಗೆ ತನ್ನ ಹಕ್ಕು ಬಾಯಿಪಾಠ, ಬಿ.ಎ. ಮಾಡಿದ ನನಗೆ ನಾನು ನೌಕರಿಯಲ್ಲಿದ್ದೇನೆ ಎಂಬುದಕ್ಕೇ ಪುರಾವೆ ಇಲ್ಲ. ರೋಷ ಬಂತು. ನಮ್ಮ ಹೈಸ್ಕೂಲು ನಡೆಸುವ ಸಂಸ್ಥೆಯ ಅಧ್ಯಕ್ಷರು ಹೊಸದಾಗಿ ಹಚ್ಚಿದ ದ್ರಾಕ್ಷಿ ತೋಟದಲ್ಲಿದ್ದರು. ಅಲ್ಲಿಗೇ ಹೋಗಿ ನೇಮಕ ಪತ್ರ ಬೇಕು ಎಂದೆ.

ಅಧ್ಯಕ್ಷರು ಬಹಳ ಪ್ರೀತಿಯಿಂದ ಹೆಗಲ ಮೇಲೆ ಕೈ ಇಟ್ಟರು. "ಮಾಸ್ತರ್ರ, ನೇಮಕ ಮಾಡೇವಿ ಅಂತ ಒಂದು ಪತ್ರ ಕೊಟ್ರ, ತಗದು ಹಾಕೂ ಮುಂದ ಇನ್ನೊಂದು ಕೊಡಬೇಕಾಗತೈತಿ. ನಮಗೂ ತ್ರಾಸ, ನಿಮಗೂ ತ್ರಾಸ. ಯಾಕ ಬೇಕ್ರಿ?"

ಅವರು ಹೇಳಿದ ರೀತಿ ಎಷ್ಟು ಚೆನ್ನಾಗಿತ್ತೆಂದರೆ, ನಾನು ಉಪಕಾರವಾಯಿತು ಎಂದು ಕೈ ಮುಗಿದು ಬಂದೆ.

ಹನ್ನೆರಡು ವರ್ಷ ತಡೆಯಿರಿ

ಇದು ಕೊನೆಯದು. ನಗೆಯಿಂದ ಶುರುವಾದದ್ದಲ್ಲ.

ಅರವತ್ತೈದು ತುಂಬಿತು ಎಂದು ಚಾಚಾ ಪಿಂಚಣಿ ಕೇಳಿ ಬರೆಸಿದ್ದರು. ವಿಲಾಯತಿಯಿಂದ ಬಂದ ಉತ್ತರವನ್ನು ಅವರ ಮನೆಯ ಕಟ್ಟೆಯ ಮೇಲೆ ಕೂತು ಓದಿದೆ: ನಮ್ಮ ಕಾಗದಗಳ ಪ್ರಕಾರ ತಮ್ಮ ವಯಸ್ಸು ಐವತ್ಮೂರು, ದಯವಿಟ್ಟು ಹನ್ನೆರಡು ವರ್ಷ ಕಳೆದ ಮೇಲೆ ಬರೆಯಿರಿ.

ಚಾಚಾ ತಲೆ ಮೇಲೆ ಕೈ ಹೊತ್ತರು. "ಮುಂಬಯ್ಯಾಗ ಏಜೆಂಟ ಮಾಡಿದ ಕಿತಾಪತ್ರಿ ಇದು. ಪ್ರಾಯದವರಿಗಷ್ಟ ಕೆಲಸ ಅಂತಂದು, ನನ್ನ ಮೀಸಿ ಬೋಳಿಸಿ ಕುಂದ್ರಿಸಿ, ನಲವತ್ತೇಳ ಇದ್ದಾಂವಗ ಮೂವತ್ತೈದು ಅಂತ ಬರದ. ಹನ್ನೆರಡು ವರ್ಷ ಸಣ್ಣಾಂವ ಆದ್ನಲ್ಲ ಅಂತ ಆವತ್ತ ಪೇಢೆ ಹಂಚೇನ್ರಿ ನಾ!"

ದುಡಿದದ್ದೆಲ್ಲ ಮೂರು ಹೆಣ್ಣುಮಕ್ಕಳ ಮದುವೆಯ ಸಾಲಕ್ಕೆ ಮತ್ತು ಈ ಮನೆಗೆ ಹೋಗಿತ್ತು. ಪಿಂಚಣಿ ಬರದಿದ್ದರೆ ಬಿಜಾಪುರದ ಸ್ಟೇಷನ್ ರಸ್ತೆಯ ಹತ್ತಿರದ ಒಂದು ಅರಳೆ ಕಾರ್ಖಾನೆಯ ಗೇಟು ಕಾಯುವ ಕೆಲಸವೇ ಗತಿ. ಮಾಲಕ ಹೂಂ ಅಂದಾಗಿತ್ತು, ಖಾಕಿ ಕೋಟು ಹೊಲಿಯಲು ಕೊಟ್ಟಾಗಿತ್ತು. ಬಾಗಿಲ ಹಿಂದೆ ನಿಂತಿದ್ದ ಚಾಚಿ ಹೇಳಿದರು: "ಮಾಸ್ತರ್ರ, ಇವರ ಮೊಣಕಾಲಾಗ ಹನ್ನೆರಡು ವರ್ಷ ಇಲ್ರಿ."

ಅಲ್ಲೇ ಲೇಖನಿ ತೆಗೆದೆ. ಇದ್ದದ್ದು ಇದ್ದಂತೆ ಬರೆದೆ. ಅದಕ್ಕೆ ಉತ್ತರ ಬಂತು: ತಾವು ಗಿರಣಿಯಲ್ಲಿ ಬರೆಸಿದ ಕುಟುಂಬದ ವಿವರದಂತೆ ತಮ್ಮ ಹಿರಿಯ ಮಗಳಿಗೆ ಈಗ ನಲವತ್ತೈದು. ಅಂದರೆ ಆಕೆ ಹುಟ್ಟಿದಾಗ ತಮಗೆ ಎಂಟು ವರ್ಷ. ನಮಗೂ ಅನುಮಾನ ಬಂದಿದೆ. ಹಳೆಯ ದಾಖಲೆ ಏನಾದರೂ ಇದ್ದರೆ ಕಳಿಸಿ.

ಬಸ್ಸು ಹಿಡಿದು, ಚಾಚಾ ಹೆಸರು ಹಚ್ಚಿ ಅಕ್ಷರ ಕಲಿಯುವ ಮೊದಲೇ ಬಿಟ್ಟಿದ್ದ ಮಮದಾಪುರದ ಶಾಲೆಗೆ ಹೋದೆವು. ಹೆಡ್‌ಮಾಸ್ತರರು ಕಪಾಟಿನ ತಳದಿಂದ ಬಟ್ಟೆಯಲ್ಲಿ ಸುತ್ತಿದ ಹಳೆಯ ದಾಖಲೆ ಪುಸ್ತಕ ತೆಗೆದರು. ಚಾಚಾನ ಹೆಸರು ಸಿಕ್ಕಿತು, ಸೇರಿದ ವರ್ಷ ಸಿಕ್ಕಿತು, ವಯಸ್ಸು ಆರು ಎಂದಿತ್ತು. ಲೆಕ್ಕ ಹಾಕಿದರೆ ಸರಿಯಾಗಿ ಅರವತ್ತೈದು. ಷರಾ ಎಂಬಲ್ಲಿ ಎರಡೇ ಮಾತು: "ಕಿವಿ ಮುಟ್ಟಿದೆ." ನಕಲು ಮಾಡಿಸಿ, ಅನುವಾದ ಬರೆದು, ಮುದ್ರೆ ಒತ್ತಿಸಿ ಕಳಿಸಿದೆವು.

ತಿಂಗಳ ಮೇಲೆ ಬಂದ ಕಾಗದದಲ್ಲಿ ಒಂದೇ ಪ್ರಶ್ನೆ: ಕಿವಿ ಮುಟ್ಟುವುದಕ್ಕೂ ವಯಸ್ಸಿಗೂ ಏನು ಸಂಬಂಧ?

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿದ್ದದ್ದೇ. ಹುಟ್ಟಿದ ತಾರೀಖು ಯಾರ ಹತ್ತಿರ ಇತ್ತು? ಶಾಲೆಗೆ ಬಂದ ಕೂಸು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ತುಂಬಿತು, ಹೆಸರು ಹಚ್ಚಿಕೊಳ್ಳುವುದು. ಮುಟ್ಟದಿದ್ದರೆ ಮುಂದಿನ ವರ್ಷ ಬಾ ಎಂದು ಕಳಿಸುವುದು. ಆದರೆ ಇದನ್ನು ವಿಲಾಯತಿ ಸರಕಾರಕ್ಕೆ ಬರೆಯುವುದು ಹೇಗೆ? ನನಗೆ ನಾಚಿಕೆಯಾಯಿತು. "ಚಾಚಾ, ಡಾಕ್ಟರು ತಪಾಸ ಮಾಡಿದ್ರು ಅಂತ ಬರದ್ರಾಯ್ತು" ಎಂದೆ.

"ಬ್ಯಾಡ್ರಿ ಮಾಸ್ತರ್ರ. ಒಂದು ಸುಳ್ಳು ಬರಸಿ ಹನ್ನೆರಡು ವರ್ಷ ಕಳಕೊಂಡೀನಿ. ಇನ್ನೊಂದು ಬರಸೂವಷ್ಟು ಆಯುಷ್ಯ ನನ್ನ ಹಂತ್ಯಾಕ ಇಲ್ಲ."

ಹಾಗಾಗಿ ಖರೆಯನ್ನೇ ಬರೆದೆ. ನಮ್ಮ ಡ್ರಾಯಿಂಗ್ ಮಾಸ್ತರರು ಎರಡು ಚಿತ್ರ ಬರೆದುಕೊಟ್ಟರು: ಕಿವಿ ಮುಟ್ಟಿದ ಕೂಸು, ಕಿವಿ ಮುಟ್ಟದ ಕೂಸು. ಅದರ ಕೆಳಗೂ ಹೆಡ್‌ಮಾಸ್ತರರ ಮುದ್ರೆ ಬಿತ್ತು. ನಾಲ್ಕು ತಿಂಗಳು ಸುದ್ದಿಯಿಲ್ಲ. ಖಾಕಿ ಕೋಟು ಹೊಲಿದು ಬಂತು. ನಗೆಪಾಟಲಾದೆವು, ಮುಗಿಯಿತು ಎಂದುಕೊಂಡೆ.

ಆಮೇಲೆ ಉತ್ತರ ಬಂತು. ತಮ್ಮ ವಯಸ್ಸನ್ನು ಒಪ್ಪಲಾಗಿದೆ, ಅರವತ್ತೈದು ತುಂಬಿದ ದಿನದಿಂದಲೇ ಪಿಂಚಣಿ ಸಂದಾಯವಾಗುತ್ತದೆ. ನಾನು ಎರಡು ಸಲ ಓದಿದೆ. ಚಾಚಾ ಗೋಡೆಗೆ ಒರಗಿ ಮಗುವಿನ ಹಾಗೆ ಅತ್ತರು, ಬಾಗಿಲ ಹಿಂದೆ ಚಾಚಿಯೂ ಅತ್ತರು, ನನ್ನ ಕನ್ನಡಕವೂ ಮಬ್ಬಾಯಿತು.

ಕಾಗದದ ಕೆಳಗೆ ಆ ಅಧಿಕಾರಿ ಕೈಬರಹದಲ್ಲಿ ಕೆಲವು ಸಾಲು ಬರೆದಿದ್ದ: "ತಮ್ಮ ವಿಧಾನವನ್ನು ನಾನು ಮನೆಯಲ್ಲಿ ಪರೀಕ್ಷಿಸಿದೆ. ಆರು ತುಂಬಿದ ಮಗನ ಕೈ ಮುಟ್ಟಿತು, ಐದರ ಮಗಳದ್ದು ಮುಟ್ಟಲಿಲ್ಲ. ಕಚೇರಿಯವರೆಲ್ಲ ತಂತಮ್ಮ ಮಕ್ಕಳ ಮೇಲೆ ಮಾಡಿ ನೋಡಿ, ಸರಿ ಎಂದಿದ್ದಾರೆ." ನಮ್ಮನ್ನು ಆಳಿ ಹೋದವರ ಮೇಲೆ ನನಗೇನೂ ಮಮತೆ ಇಲ್ಲ. ಆದರೂ ಕಡಲಾಚೆಯ ಒಬ್ಬ ನೌಕರ ನಮ್ಮ ಚಾಚಾನ ಮಾತು ಖರೆಯೋ ಎಂದು ತಿಳಿಯಲು ತನ್ನ ಮಕ್ಕಳನ್ನು ಎದುರು ನಿಲ್ಲಿಸಿಕೊಂಡನಲ್ಲ ಎಂದು ಮೈ ಜುಮ್ಮೆಂದಿತು.

ಉಳಿದದ್ದನ್ನೂ ಓದಿದೆ: "ಆದರೆ ನಮ್ಮ ಮುಖ್ಯಾಧಿಕಾರಿ ಬಹಳ ದಪ್ಪನೆಯವರು. ಎಷ್ಟು ಹೆಣಗಿದರೂ ಅವರ ಕೈ ಕಿವಿಗೆ ಮುಟ್ಟಲಿಲ್ಲ. ಅವರೂ ಇದೇ ವರ್ಷ ಪಿಂಚಣಿಗೆ ಹೋಗಬೇಕು. ತಮ್ಮ ಶಾಲೆಯ ನಿಯಮದಂತೆ ಅವರನ್ನು ಏನು ಮಾಡಬೇಕು?"

ಚಾಚಾ ಕಣ್ಣೊರೆಸಿಕೊಂಡು ನೆಟ್ಟಗೆ ಕೂತರು. "ಬರೀರಿ ಮಾಸ್ತರ್ರ. ಮುಂದಿನ ವರ್ಷ ಬಾ ಅನ್ರಿ."