ಮೂರು ಕೋನ ಅಳೆದು ನಾನು ಬೆಳೆಸಿದ ಹೊಲ

ದೆವ್ವ ಇಲ್ಲವೆಂದು ಚರ್ಚಾಸ್ಪರ್ಧೆಯಲ್ಲಿ ಸಾಧಿಸಿ ಕಪ್ ತಂದವಳು ನಾನು. ಅಂಥವಳಿಗೆ ಎರಡು ತ್ರಿಭುಜ ಯಾವ ಲೆಕ್ಕ?

ಅಂತರಸಂತೆಯ ಕಾಡಿನಂಚಿನಲ್ಲಿ ನಮ್ಮಜ್ಜಿಯ ಮೂರು ಮೂಲೆಯ ಹೊಲ. ನಡುವಿನ ಬದು ಅದನ್ನು ಎರಡು ತ್ರಿಭುಜ ಮಾಡಿದೆ. ಒಂದು ನಮ್ಮವ್ವನಿಗೆ, ಇನ್ನೊಂದು ಅವಳಕ್ಕ, ನನ್ನ ದೊಡ್ಡವ್ವನಿಗೆ.

"ಎರಡೂ ಸಮ ಅವೋ ಇಲ್ವೋ, ಸರ್ವೆಯವ್ರನ್ನ ಕರ್ಸಾನ" ಎಂದಳು ಅವ್ವ.

"ನಾನಿರುವಾಗ ಅವರ್ಯಾಕವ್ವ?"

ಮೊಬೈಲ್ ಹಿಡಿದು ಎರಡೂ ಹೊಲದ ಮೂರು ಮೂರು ಕೋನ ಅಳೆದೆ. ಒಂದಕ್ಕೊಂದು ತಾಳೆ! "ಆದ್ದರಿಂದ ಸದರಿ ತ್ರಿಭುಜಗಳು ಸರ್ವಸಮ!" ಎಂದು ಬದುವಿನ ಮೇಲೆ ನಿಂತು ತೀರ್ಪಿತ್ತೆ. ಅಕ್ಕತಂಗಿಯರು ಅಲ್ಲೇ ವೀಳ್ಯ ಬದಲಿಸಿಕೊಂಡು ಮಾತು ಮುಗಿಸಿದರು.

ಬೇಲಿಗೆಂದು ಎರಡಕ್ಕೂ ಅಂದಾಜಿನ ಮೇಲೆ ಒಂದೇ ಅಳತೆಯ ತಂತಿ ತಂದೆವು. ನಮ್ಮ ಬೇಲಿ ಮುಗಿದು ತಂತಿ ಮಿಕ್ಕಿತು. ದೊಡ್ಡವ್ವನ ಬೇಲಿಗೆ ಸಾಲಲೇ ಇಲ್ಲ.

ದೊಡ್ಡವ್ವ ಬಿಳುಚಿಕೊಂಡಳು. "ಗಡಿಕಲ್ಲು ನಡೀತಾವೆ ಕಣವ್ವ. ನನ್ ಒಲ ಬೆಳೀತಾ ಅದೆ. ಇದ್ರೊಳಕ್ಕೆ ನಾನು ಬಿತ್ತಾಕಿಲ್ಲ!"

"ಕಲ್ಲಿಗೆ ಕಾಲಿದೆಯಾ? ಸಾಕ್ಷಿ ಏನು ದೊಡ್ಡವ್ವ?"

"ತಂತೀನೇ ಸಾಕ್ಸಿ!"

ಆ ಸಾಕ್ಷಿಯನ್ನು ಸುಳ್ಳಾಗಿಸಲು ಮರುದಿನ ಬೆಳಗ್ಗೆ ಮಂಜಿನಲ್ಲಿ ಒಬ್ಬಳೇ ಹೋಗಿ ಹೆಜ್ಜೆ ಎಣಿಸಿದೆ. ನಮ್ಮ ಹೊಲದ ಉದ್ದನೆಯ ಬದಿ ತೊಂಬತ್ತು. ದೊಡ್ಡವ್ವನದು ತೊಂಬತ್ತಕ್ಕೆ ಮುಗಿಯಲಿಲ್ಲ. ತೊಂಬತ್ತೈದು... ನೂರು... ಕಲ್ಲು ಇನ್ನೂ ಕಾಣದು! ಕಾಡಿನಲ್ಲಿ ಒಂದು ಹಕ್ಕಿಯ ದನಿಯಿಲ್ಲ. ನಿಂತರೆ, ಬೆನ್ನ ಹಿಂದೆಯೂ ಏನೋ ನಿಂತಂತಾಯಿತು. ನೂರ ಹತ್ತನೆಯ ಹೆಜ್ಜೆಗೆ ಮಂಜಿನೊಳಗಿಂದ ಕಲ್ಲು ತಲೆ ಎತ್ತಿತು. ಒದ್ದೆಯಾಗಿ, ಆಗತಾನೇ ನಡೆದು ಬಂದು ದಣಿದಂತೆ. ತರ್ಕವನ್ನೂ ಒಂದು ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಮನೆಗೆ ಓಡಿದೆ!

"ಕಲ್ಲು ನಡೀತಾವೆ ಅವ್ವಾ!"

ದೊಡ್ಡವ್ವನ ಮಗಳು, ಹತ್ತನೇ ತರಗತಿಯ ಸವಿತಾ, ರೊಟ್ಟಿ ಮುರಿಯುತ್ತಾ ಕೇಳಿದಳು: "ಅಕ್ಕ, ಅವತ್ತು ಬಾಹು ಎಷ್ಟೆಷ್ಟು ಬಂದಿದ್ವು?"

"ಬಾಹು ಅಳೆದಿಲ್ಲ."

"ಒಂದೂನೂವಾ?"

"ಒಂದೂ."

"ಮೂರು ಕೋನ ಸಮ ಆದ್ರೆ ಆಕಾರ ಒಂದೇ ಕಣಕ್ಕ, ಅಳತೆ ಅಲ್ಲ. ದೊಡ್ ಸಮೋಸ, ಚಿಕ್ ಸಮೋಸ ನೀನು ನೋಡೇ ಇಲ್ವಾ?"

ಅವ್ವ ನನ್ನನ್ನೇ ದಿಟ್ಟಿಸಿದಳು. "ದೆವ್ವ ಆಗಿದ್ರೆ ಕೋಳಿ ಕುಯ್ದು ಸಮಾಧಾನ ಮಾಡ್ಬೌದಿತ್ತು. ನಿಂಗೇನ್ ಕುಯ್ಯಾನ?"

ದೊಡ್ಡವ್ವ ಮಾತ್ರ ನೆಮ್ಮದಿಯಿಂದ ಉಸಿರು ಬಿಟ್ಟು ಹಗ್ಗ ತಂದಳು. ಬದುವಿನ ತುದಿಯನ್ನು ಇಡೀ ಹೊಲದ ಉದ್ದನೆಯ ಅಂಚಿನ ನಟ್ಟನಡುವಿಗೆ ಸರಿಸಿದರೆ ಇಬ್ಬರಿಗೂ ಸಮಪಾಲು ಎಂದಳು ಸವಿತಾ. ನನಗೂ ಹಗ್ಗದ ಒಂದು ತುದಿ ಸಿಕ್ಕಿತು. ಬಾಯಿ ತೆರೆಯಕೂಡದೆಂಬುದು ಷರತ್ತು.

ಪ್ರತಿವಾದ ಮಂಡಿಸಲು ನನ್ನ ಬಳಿ ಒಂದಂಶವೂ ಇರಲಿಲ್ಲ!