ತಲೆಯ ಮೇಲಿನ ಎಣ್ಣೆಗೆ ಸುಂಕವಿಲ್ಲ

ನಮ್ಮ ಮನೆತನದಲ್ಲಿ ಅತಿ ಹೆಚ್ಚು ಸಲ ಪರದೇಶಕ್ಕೆ ಹೋಗಿ ಬಂದವರು ಯಾರು? ವಿಲಾಯತಿಗೆ ಹೋಗಿ ಕೋಟು ಹೊಲಿಸಿಕೊಂಡು ಬಂದ ದೊಡ್ಡಪ್ಪ ಎಂದುಕೊಂಡರೆ ತಪ್ಪು. ಅವರು ಹೋದದ್ದು ಒಂದೇ ಸಲ. ಹೇಳಿದ್ದು ಮಾತ್ರ ಸಾಯುವವರೆಗೆ. ಆ ಕೀರ್ತಿ ನಮ್ಮ ಅತ್ಯಾಳದು, ಅಂದರೆ ಅಪ್ಪನ ಅಕ್ಕನದು. ಕೆಂಪು ಸೀರೆ, ಬೋಳಿಸಿದ ತಲೆ, ಅಕ್ಷರದ ಗಂಧವಿಲ್ಲ. ಆದರೂ ಪ್ರತಿ ದೀಪಾವಳಿಗೆ ಧಾರವಾಡದಲ್ಲಿ ರೈಲು ಹತ್ತಿ ಪೋರ್ಚುಗೀಸರ ಗೋವೆಗೆ ಹೋಗುತ್ತಿದ್ದಳು! ಮಹಾಯುದ್ಧಕ್ಕಿಂತ ಮುಂಚಿನ ಮಾತಿದು. ಆಗ ಗೋವೆಯಲ್ಲಿ ರಾಜ್ಯ ಬೇರೆ, ನಾಣ್ಯ ಬೇರೆ, ಗಡಿಯಲ್ಲಿ ಗಂಟು ಬಿಚ್ಚಿಸುವವರೂ ಬೇರೆ.

ಕುಲದೇವರ ದರ್ಶನಕ್ಕೆ ಹೋಗುತ್ತಾಳೆಂದು ಮನೆಯವರು ನಂಬಿದ್ದರು. ಕೆದಕಿ ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಹಬ್ಬದಲ್ಲಿ ಆಕೆ ಇಲ್ಲದಿದ್ದರೇ ಎಲ್ಲರಿಗೂ ಹಗುರ. ನರಕಚತುರ್ದಶಿಯ ನಸುಕಿನಲ್ಲಿ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ಹಚ್ಚುತ್ತಾರಲ್ಲ, ಆ ಎಣ್ಣೆಯನ್ನು ಬಾಳದ ಬೇರು, ಅಂದರೆ ಲಾವಂಚ, ಹಾಕಿ ಕಾಯಿಸುವವಳು ಅತ್ಯಾ. ಹಚ್ಚುವ ಕೈ ಮಾತ್ರ ಮುತ್ತೈದೆಯರದು. ವಿಧವೆಯ ಕೈ ತಾಕಬಾರದು, ಮುಖವೂ ಕಾಣಬಾರದು. ಗೋವೆಯ ದಾರಿ ಹಿಡಿಯುವ ಮುಂಚಿನ ವರ್ಷಗಳಲ್ಲಿ ಆಕೆ ಆ ಹೊತ್ತನ್ನು ಅಡಿಗೆಮನೆಯ ಹಿಂದಿನ ಕೋಣೆಯಲ್ಲಿ, ಕದ ಮುಚ್ಚಿಕೊಂಡು ಕಳೆಯುತ್ತಿದ್ದಳು.

ಮಡಿಯಾದರೂ ಎಂಥದು! ನನ್ನ ನೆರಳು ಬಿದ್ದರೆ ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆಂದು ಆಕೆಯ ದೃಢನಂಬಿಕೆ. ನಾನೋ ಸಾಲಿಯಲ್ಲಿ ಡ್ರಿಲ್ ಮಾಸ್ತರ. ಗಂಟೆಗೆ ಸರಿಯಾಗಿ ಏಳುವವನು, ಗಂಟೆಗೆ ಸರಿಯಾಗಿ ಉಣ್ಣುವವನು. ಇಬ್ಬರೂ ಶಿಸ್ತಿನವರೇ. ಅದಕ್ಕೇ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ.

ಒಂದು ವರ್ಷ ಆಕೆಯ ಕಣ್ಣು ಮಂಜಾದವೆಂದು ನನ್ನನ್ನು ಜೊತೆಗೆ ಕಳಿಸಿದರು. ಬೋಗಿಯಲ್ಲಿ ಧಾಬಳಿ ಹಾಸಿ, ಕೈಕಾಲು ಮುದುಡಿ, ಎಣ್ಣೆಯ ಡಬ್ಬಿ ಅಪ್ಪಿಕೊಂಡು ಕೂತಳು. ಗಡಿಯವರೆಗೆ ಒಂದು ಹನಿ ನೀರು ಮುಟ್ಟಲಿಲ್ಲ. ಗಡಿ ದಾಟಿದ್ದೇ ತಡ, ಸ್ಟೇಶನ್ನಿನ ನಳದ ನೀರು ತರಿಸಿ ಗಟಗಟ ಕುಡಿದಳು! ನಾನು ಬೆಚ್ಚಿಬಿದ್ದು ಮಡಿಯ ಗತಿಯೇನೆಂದು ಕೇಳಿದೆ.

“ಈ ದೇಶದಾಗ ನಮ್ಮ ರೊಕ್ಕಾನ ನಡ್ಯಂಗಿಲ್ಲ. ನಮ್ಮ ಮಡಿ ಹ್ಯಾಂಗ ನಡದೀತೋ?”

ಮಡಗಾಂವಿಯಲ್ಲಿ ಇಳಿದವಳು ಗುಡಿಯ ದಾರಿ ಹಿಡಿಯಲೇ ಇಲ್ಲ. ಹೋದದ್ದು ಕ್ರೈಸ್ತ ಸಂನ್ಯಾಸಿನಿಯರ ಅನಾಥಾಲಯಕ್ಕೆ. ಸತ್ಯ ಹೊರಬಿದ್ದದ್ದು ದಾರಿಯಲ್ಲಿ. ಪ್ರತಿ ಚತುರ್ದಶಿಗೂ ಅಲ್ಲಿನ ಸಣ್ಣ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕುವುದೇ ಆಕೆಯ ದೇವರ ದರ್ಶನ! ಆರತಿ ಬೇಡವೆಂದಿದ್ದರಂತೆ, ಹೇನು ಹೋಗುತ್ತವೆಂದು ಎಣ್ಣೆಗೆ ಒಪ್ಪಿದ್ದರಂತೆ. ಎಲ್ಲ ಬಿಟ್ಟು ಇವರ ಮನೆ ಯಾಕೆ ಎಂದೆ.

“ಅವರೂ ನನ್ಹಂಗ ಕೂದಲಾ ತಗಿಸ್ಯಾರ, ತಲಿಮ್ಯಾಲೆ ಹೊದ್ದಾರ,” ಎಂದಳು. “ಆದ್ರ ಊರೆಲ್ಲಾ ಅವರಿಗೆ ತಾಯಿ ಅಂತದ.”

ಅಂಗಳದ ತುಂಬ ಸುಣ್ಣದ ಪುಡಿ ಚೆಲ್ಲಿತ್ತು. ಮುದುಕಿ ಸಂನ್ಯಾಸಿನಿಯೊಬ್ಬಳು ಬಾಗಿಲಿಗೇ ಬಂದು ನಮ್ಮನ್ನು ತಡೆದಳು. ಮಳೆಗಾಲದಲ್ಲಿ ಸಿಡುಬು ಹೊಕ್ಕಿತ್ತಂತೆ. ದೊಡ್ಡ ಹುಡುಗಿಯರನ್ನು ಬೇರೆ ಊರಿಗೆ ಸಾಗಿಸಿದ್ದರು. ಸಣ್ಣವರನ್ನು ಸಾಗಿಸುವ ಕೆಲಸವೇ ಬೀಳಲಿಲ್ಲ.

ಅತ್ಯಾಳಿಗೆ ಅವರ ಹೆಸರುಗಳು ನಾಲಿಗೆಗೆ ಹತ್ತಿರಲಿಲ್ಲ. ಅಂಗೈಯನ್ನು ತನ್ನ ಸೊಂಟದ ಮಟ್ಟಕ್ಕೆ ಹಿಡಿದು, ಇಷ್ಟೆತ್ತರದವಳು ಎಂಬಂತೆ ನೋಡಿದಳು. ಮುದುಕಿ ತಲೆಯಾಡಿಸಿದಳು, ಇಲ್ಲ. ಕೈ ಸ್ವಲ್ಪ ಕೆಳಗಿಳಿಯಿತು. ಇಲ್ಲ. ಇನ್ನೂ ಕೆಳಗೆ, ಮೊಣಕಾಲಿನ ತನಕ. ಅದಕ್ಕೂ ಇಲ್ಲ.

ತುಂಬಿದ ಡಬ್ಬಿಯನ್ನು ಹೊತ್ತು ಮರಳಿದೆವು. ಚತುರ್ದಶಿಯ ಬೆಳಗು ನಮಗೆ ಆದದ್ದು ಕ್ಯಾಸಲ್‌ರಾಕಿನಲ್ಲಿ, ಇಂಗ್ರೇಜರ ಗಡಿಯ ಸ್ಟೇಶನ್ನಿನಲ್ಲಿ. ಹಬ್ಬದ ದಿನವೂ ಪಾಳಿಗೆ ಬಂದ ಸುಂಕದ ಗುಮಾಸ್ತ ಮುಖ ಗಂಟು ಹಾಕಿಕೊಂಡಿದ್ದ. ಡಬ್ಬಿ ತಟ್ಟಿ, ಪರದೇಶದ ಮಾಲು, ಸುಂಕ ಕಟ್ಟಿ ಎಂದ. ನಾನು ಸಾಲಿ ಮಾಸ್ತರ, ಸುಳ್ಳಾಡುವವನಲ್ಲ, ಇದು ಧಾರವಾಡದ ಗಾಣದ ಎಣ್ಣೆ, ಹೋಗಿ ಹಾಗೆಯೇ ತಿರುಗಿ ಬಂದಿದೆ ಎಂದು ವಾದಿಸಿದೆ.

“ತಿರುಗಿ ತರೂದಿದ್ರ ಒಯ್ಯೂದರ ಯಾಕ್ರಿ, ಮಾಸ್ತರ?”

ಅತ್ಯಾ ತಾನೇ ಹೇಳಿದಳು, ಹಚ್ಚಿಸಿಕೊಳ್ಳುವವರು ಇರಲಿಲ್ಲ ಎಂದು. ಅಷ್ಟೇ. ಗುಮಾಸ್ತ ಆಕೆಯನ್ನೂ ಡಬ್ಬಿಯನ್ನೂ ನೋಡಿದ. ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದ: “ಡಬ್ಬ್ಯಾಗಿನ ಎಣ್ಣಿಗೆ ಸುಂಕ ಅದರಿ. ತಲಿಗೆ ಹಚ್ಚಿಕೊಂಡದ್ದಕ್ಕ ಇಲ್ಲ.”

ಟೊಪ್ಪಿಗೆ ತೆಗೆದು, ಪ್ಲಾಟ್‌ಫಾರ್ಮಿನ ಮೇಲೆ ಆಕೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತೆ. ಮೀಸೆ ಬಂದ ಡ್ರಿಲ್ ಮಾಸ್ತರ!

“ಏಳೋ. ಗಡಿ ದಾಟೇವಿ. ಇದು ನಮ್ಮ ರಾಜ್ಯ.”

“ಗೊತ್ತದ.”

“ನೀ ನಮ್ಮ ಮನೀ ಮಗಾ. ನನ್ನ ಕೈ...”

“ರೈಲು ಬಿಡತದ, ಅತ್ಯಾ. ಲಗೂ ಹಚ್ಚು.”

ಆಕೆ ಆ ಕಡೆ ಈ ಕಡೆ ನೋಡಿದಳು. ಆಮೇಲೆ ತಣ್ಣಗಿನ ಎಣ್ಣೆ ನೆತ್ತಿಯ ಮೇಲೆ ಬಿತ್ತು, ಹಿಂದೆಯೇ ಅಂಗೈ. ಹಿಂದಿನ ದಿನ ಬಾಗಿಲಲ್ಲಿ ಬರಿಯ ಗಾಳಿಯಲ್ಲಿ ಎತ್ತರ ಅಳೆದ ಅದೇ ಅಂಗೈ. ಎಣ್ಣೆ ಕಣ್ಣಿಗಿಳಿದು ಉರಿಯಿತು. ಒರೆಸಿಕೊಳ್ಳಲಿಲ್ಲ.

ಗುಮಾಸ್ತ ಮೇಜು ಬಿಟ್ಟು ಎದ್ದು ಬಂದ. ಡಬ್ಬಿಯಲ್ಲಿ ಇಣುಕಿ, ಇನ್ನೂ ಅರ್ಧ ಮಾಲು ಉಳಿದಿದೆ ಎಂದು ಗೊಣಗಿದ. ರುಮಾಲು ಬಿಚ್ಚಿ ನನ್ನ ಪಕ್ಕದಲ್ಲಿ ಕೂತು ತಲೆ ಬಗ್ಗಿಸಿದ.

ಯಾರ ಪೈಕಿ, ಯಾವ ಜಾತಿ ಎಂದು ಕೇಳದೆ ಯಾರಿಗೂ ನೀರು ಸಹ ಕೊಡದ ಅತ್ಯಾ ಏನೂ ಕೇಳಲಿಲ್ಲ. ಡಬ್ಬಿ ಬಗ್ಗಿಸಿದಳು.